ಪ್ರಯೋಗಶಾಲೆಯ ಕಿರಿಯ ಸಹಾಯಕರು

ಪ್ರಯೋಗಶಾಲೆ ಎಂದೊಡನೆ ಗಾಜಿನ ನಳಿಗೆಗಳು, ಕುದಿಯುವ ದ್ರಾವಣಗಳು, ಸೂಕ್ಷ್ಮದರ್ಶಕಗಳು ಸಾಮಾನ್ಯವಾಗಿ ನೆನಪಿಗೆ ಬರುತ್ತವೆ. ಮನೋವಿಜ್ಞಾನದ ಪ್ರಯೋಗಶಾಲೆ ಇದಕ್ಕಿಂತ ಭಿನ್ನವಾದುದು. ಅಲ್ಲಿ ಹೆಚ್ಚಾಗಿ ಕಾಣುವುದು ಒಂದು ಶಾಂತವಾದ ಕೊಠಡಿ, ಒಂದು ಮೇಜು, ಎರಡು ಕುರ್ಚಿ ಮತ್ತು ಒಂದು ಗಣಕಯಂತ್ರ. ಅಲ್ಲಿ ಪರೀಕ್ಷೆಗೆ ಒಳಪಡುವುದು ಲೋಹವೂ ಅಲ್ಲ, ಆಮ್ಲವೂ ಅಲ್ಲ. ನೋಡುವ, ನೆನೆಯುವ, ಮರೆಯುವ, ಅಂಜುವ, ನಿರ್ಧರಿಸುವ ಮನಸ್ಸು. ಪ್ರಯೋಗಕ್ಕೆ ಒಳಗಾಗಲು ಬಂದವರ ಎದುರಿಗೆ ಕುಳಿತು ಅವರ ಉತ್ತರಗಳನ್ನು ಬರೆದುಕೊಳ್ಳುವವರು ಹಿರಿಯ ಪ್ರಾಧ್ಯಾಪಕರೇ ಇರಬೇಕೆಂದು ಹೊರಗಿನವರು ಊಹಿಸಬಹುದು. ಆದರೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆ ಸ್ಥಾನದಲ್ಲಿ ಅನೇಕ ವೇಳೆ ಇರುವವರು ಇನ್ನೂ ಪದವಿಯನ್ನು ಪಡೆಯದ, ಹತ್ತೊಂಬತ್ತು ಇಪ್ಪತ್ತು ವರ್ಷ ವಯಸ್ಸಿನ ವಿದ್ಯಾರ್ಥಿಗಳು. ಅವರಿಗೆ ಸಂಶೋಧನಾ ಸಹಾಯಕರು ಎಂದು ಹೆಸರು.

ವಿದ್ಯಾರ್ಥಿಗಳಿಗೂ ಈ ಪ್ರಯೋಗಶಾಲೆಗೂ ಇರುವ ನಂಟು ಬಹಳ ಹಳೆಯದು. ವಿಲ್‌ಹೆಲ್ಮ್ ವುಂಟ್ ಎಂಬ ವಿದ್ವಾಂಸರು 1879ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಮನೋವಿಜ್ಞಾನದ ಪ್ರಯೋಗಶಾಲೆಯನ್ನು ಸ್ಥಾಪಿಸಿದರು. ಅಲ್ಲಿ ಪ್ರಯೋಗ ನಡೆಸುವವರೂ ಶಿಷ್ಯರೇ, ಪ್ರಯೋಗಕ್ಕೆ ಒಳಗಾಗುವವರೂ ಶಿಷ್ಯರೇ. ಇಂದು ಕಾಲಮಾಪಕವನ್ನು ಹಿಡಿದವನು ನಾಳೆ ಎದುರಿನ ಕುರ್ಚಿಯಲ್ಲಿ ಕುಳಿತು, ಬೆಳಕು ಕಂಡೊಡನೆ ಗುಂಡಿಯನ್ನು ಒತ್ತುತ್ತಿದ್ದನು. ನಮ್ಮ ದೇಶದಲ್ಲಿ ಕಲ್ಕತ್ತೆಯ ತರುವಾಯ ಮನೋವಿಜ್ಞಾನ ವಿಭಾಗ ಆರಂಭವಾದದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ, 1924ರಲ್ಲಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ವ್ಯಾಸಂಗ ಮಾಡಿ ಬಂದಿದ್ದ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿ ಬೆಳೆಸಿದರು. ಇಬ್ಬರು ವಿದ್ಯಾರ್ಥಿಗಳು ಜೊತೆಗೂಡಿ, ಒಬ್ಬರು ಪ್ರಯೋಗಕರ್ತರಾಗಿ ಮತ್ತೊಬ್ಬರು ಪ್ರಯೋಗಕ್ಕೆ ಒಳಗಾಗಿ, ಆಮೇಲೆ ಸ್ಥಾನವನ್ನು ಬದಲಿಸಿಕೊಳ್ಳುವ ಪದ್ಧತಿ ಇಂದಿಗೂ ನಮ್ಮ ಕಾಲೇಜುಗಳ ಮನೋವಿಜ್ಞಾನ ಪ್ರಾಯೋಗಿಕ ತರಗತಿಗಳಲ್ಲಿ ಉಳಿದು ಬಂದಿದೆ.

ತರಗತಿಯ ಪ್ರಯೋಗಕ್ಕೂ ಸಂಶೋಧನೆಯ ಪ್ರಯೋಗಕ್ಕೂ ಒಂದು ಮುಖ್ಯವಾದ ಅಂತರವಿದೆ. ತರಗತಿಯಲ್ಲಿ ಮಾಡುವ ಪ್ರಯೋಗದ ಉತ್ತರ ಪುಸ್ತಕದಲ್ಲಿ ಮೊದಲೇ ಇರುತ್ತದೆ. ಸಂಶೋಧನೆಯಲ್ಲಿ ಉತ್ತರ ಯಾರಿಗೂ ತಿಳಿದಿರುವುದಿಲ್ಲ. ಆ ತಿಳಿಯದ ಉತ್ತರವನ್ನು ಅರಸುವ ಕಾರ್ಯದಲ್ಲಿ ಪಾಲ್ಗೊಳ್ಳುವ ಅವಕಾಶವನ್ನೇ ಅಮೆರಿಕದ ವಿಶ್ವವಿದ್ಯಾಲಯಗಳು ತಮ್ಮ ಕಿರಿಯ ವಿದ್ಯಾರ್ಥಿಗಳಿಗೆ ಕಲ್ಪಿಸುತ್ತವೆ.

ಈ ಅವಕಾಶ ಅರಸಿಕೊಂಡು ಹೋದವರಿಗೆ ದೊರೆಯುತ್ತದೆ. ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ವರ್ಷದ ವಿದ್ಯಾರ್ಥಿಯು ಪ್ರಾಧ್ಯಾಪಕರು ಯಾವ ಯಾವ ವಿಷಯಗಳಲ್ಲಿ ಸಂಶೋಧನೆ ನಡೆಸುತ್ತಿದ್ದಾರೆ ಎಂಬುದನ್ನು ವಿಚಾರಿಸಿ ತಿಳಿಯುತ್ತಾನೆ. ಒಬ್ಬರು ಸ್ಮರಣಶಕ್ತಿಯನ್ನು ಅಭ್ಯಸಿಸುತ್ತಿರಬಹುದು, ಮತ್ತೊಬ್ಬರು ಶಿಶುಗಳು ಮಾತು ಕಲಿಯುವ ಬಗೆಯನ್ನು ಪರಿಶೀಲಿಸುತ್ತಿರಬಹುದು. ವಿದ್ಯಾರ್ಥಿಯು ಅವರ ಒಂದೆರಡು ಪ್ರಬಂಧಗಳನ್ನು ಓದಿ, ತನಗೆ ಆಸಕ್ತಿ ಮೂಡಿದುದೇಕೆ, ವಾರಕ್ಕೆ ಎಷ್ಟು ಗಂಟೆ ಬರಬಲ್ಲೆ ಎಂಬುದನ್ನು ತಿಳಿಸಿ ಪತ್ರ ಬರೆಯುತ್ತಾನೆ. ಪ್ರಾಧ್ಯಾಪಕರಾಗಲಿ, ಅವರ ಬಳಿ ಡಾಕ್ಟರೇಟ್ ಪದವಿಗಾಗಿ ದುಡಿಯುತ್ತಿರುವ ಹಿರಿಯ ವಿದ್ಯಾರ್ಥಿಯಾಗಲಿ ಅವನನ್ನು ಕರೆದು ಮಾತನಾಡಿಸುತ್ತಾರೆ. ಆಯ್ಕೆಯಾದವನು ವಾರಕ್ಕೆ ಎಂಟು ಹತ್ತು ಗಂಟೆಗಳ ಕಾಲ, ಒಂದೆರಡು ಅರ್ಧವರ್ಷಗಳವರೆಗಾದರೂ ದುಡಿಯಬೇಕೆಂಬುದು ಸಾಮಾನ್ಯ ನಿರೀಕ್ಷೆ. ಕೆಲವೆಡೆ ಈ ದುಡಿಮೆಯನ್ನು ಪದವಿಯ ಒಂದು ಪಾಠವೆಂದು ಎಣಿಸುತ್ತಾರೆ. ಕೆಲವೆಡೆ ಕೂಲಿ ದೊರೆಯುತ್ತದೆ. ಇನ್ನು ಕೆಲವೆಡೆ ಅನುಭವವೇ ಪ್ರತಿಫಲ.

ಸಹಾಯಕನು ಮಾಡುವ ಕೆಲಸಗಳು ಮೇಲುನೋಟಕ್ಕೆ ಸಣ್ಣವು. ಪ್ರಯೋಗಕ್ಕೆ ಒಪ್ಪಿದವರಿಗೆ ಸಮಯವನ್ನು ಗೊತ್ತುಪಡಿಸುವುದು, ಬಂದವರನ್ನು ಸ್ವಾಗತಿಸುವುದು, ಸೂಚನೆಗಳನ್ನು ಪ್ರತಿಯೊಬ್ಬರಿಗೂ ಒಂದಕ್ಷರವೂ ವ್ಯತ್ಯಾಸವಾಗದಂತೆ ಓದಿ ಹೇಳುವುದು, ಉತ್ತರಗಳನ್ನು ದಾಖಲಿಸುವುದು, ಅಂಕಿಗಳನ್ನು ತಾಳೆ ನೋಡುವುದು. ಮಗುವೊಂದು ಚಿತ್ರವನ್ನು ಎಷ್ಟು ಹೊತ್ತು ದಿಟ್ಟಿಸಿತು ಎಂಬುದನ್ನು ಚಲನಚಿತ್ರದಿಂದ ಅಳೆಯಬೇಕಾದಾಗ ಇಬ್ಬರು ಸಹಾಯಕರು ಬೇರೆ ಬೇರೆಯಾಗಿ ಕುಳಿತು ಅಳೆಯುತ್ತಾರೆ. ಮಗು ನೋಡುತ್ತಿದ್ದ ಚಿತ್ರ ಯಾವುದು ಎಂಬುದನ್ನು ಅವರಿಗೆ ತಿಳಿಸದಿರುವುದೇ ವಾಡಿಕೆ. ಇಬ್ಬರ ಲೆಕ್ಕವೂ ಹೊಂದಿಕೊಂಡರೆ ಮಾತ್ರ ಆ ಅಳತೆಗೆ ಬೆಲೆ.

ಇಷ್ಟೊಂದು ಕಟ್ಟುನಿಟ್ಟು ಏತಕ್ಕೆ ಎಂಬ ಪ್ರಶ್ನೆಗೆ ರಾಬರ್ಟ್ ರೋಸೆಂತಾಲ್ ಮತ್ತು ಕರ್ಮಿಟ್ ಫೋಡ್ ಎಂಬವರು 1963ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಉತ್ತರ ಹೇಳುತ್ತದೆ. ಅವರು ಹನ್ನೆರಡು ಮಂದಿ ವಿದ್ಯಾರ್ಥಿಗಳಿಗೆ ತಲಾ ಐದು ಇಲಿಗಳನ್ನು ಕೊಟ್ಟು, ಚಕ್ರವ್ಯೂಹದಂತಹ ಹಾದಿಯಲ್ಲಿ ಅವುಗಳನ್ನು ಓಡಿಸಿ ಫಲಿತಾಂಶವನ್ನು ದಾಖಲಿಸುವಂತೆ ತಿಳಿಸಿದರು. ಅರ್ಧದಷ್ಟು ವಿದ್ಯಾರ್ಥಿಗಳಿಗೆ, ನಿಮ್ಮ ಇಲಿಗಳು ಜಾಣ ತಳಿಯವು ಎಂದು ಹೇಳಲಾಯಿತು. ಉಳಿದವರಿಗೆ, ನಿಮ್ಮವು ಮಂದ ತಳಿಯವು ಎಂದು ಹೇಳಲಾಯಿತು. ವಾಸ್ತವವಾಗಿ ಎಲ್ಲವೂ ಸಾಮಾನ್ಯವಾದ ಇಲಿಗಳೇ. ಅವುಗಳಲ್ಲಿ ಅಂತಹ ಭೇದವೇ ಇರಲಿಲ್ಲ. ಆದರೂ ಐದು ದಿನಗಳ ಪ್ರಯೋಗದಲ್ಲಿ ಜಾಣ ಇಲಿಗಳೆಂದು ಕರೆಸಿಕೊಂಡವು ಉಳಿದವುಗಳಿಗಿಂತ ಚೆನ್ನಾಗಿ ಹಾದಿಯನ್ನು ಕಲಿತವು ಎಂದೇ ದಾಖಲೆಗಳು ತೋರಿಸಿದವು. ಜಾಣ ಇಲಿಗಳೆಂದು ನಂಬಿದ್ದವರು ತಾವು ಅವುಗಳನ್ನು ಹೆಚ್ಚು ಮೃದುವಾಗಿ, ಹೆಚ್ಚು ಪ್ರೀತಿಯಿಂದ ಹಿಡಿದೆವೆಂದು ಹೇಳಿಕೊಂಡರು. ಮೋಸ ಮಾಡಬೇಕೆಂಬ ಉದ್ದೇಶವಿಲ್ಲದಿದ್ದರೂ ಮನಸ್ಸಿನ ನಿರೀಕ್ಷೆ ಕೈಯ ಸ್ಪರ್ಶದಲ್ಲಿ, ಕಣ್ಣಿನ ನೋಟದಲ್ಲಿ ಇಳಿದು ಬರಬಲ್ಲದು. ಪ್ರಯೋಗಕರ್ತನ ಮನಸ್ಸು ಕೂಡ ಪ್ರಯೋಗದ ಒಂದು ಭಾಗವೇ ಎಂಬುದು ಇದರಿಂದ ಸ್ಪಷ್ಟವಾಯಿತು.

ಆದುದರಿಂದ ಸಹಾಯಕನು ಮೊದಲು ಕಲಿಯಬೇಕಾದ ಪಾಠ ತನ್ನನ್ನು ತಾನೇ ಅನುಮಾನಿಸುವುದು. ಗುರುಗಳ ಊಹೆ ನಿಜವಾಗಲಿ ಎಂಬ ಹಂಬಲ ಅವನಲ್ಲಿ ಹುಟ್ಟುವುದು ಸಹಜ. ಎದುರಿನವರು ತಡವರಿಸಿದಾಗ ಒಂದು ಸಣ್ಣ ಸುಳಿವು ಕೊಡಲು ನಾಲಿಗೆ ತುಡಿಯಬಹುದು. ಅಳತೆ ಎರಡರ ಮಧ್ಯೆ ನಿಂತಾಗ ಅನುಕೂಲವಾದ ಕಡೆಗೆ ಲೇಖನಿ ವಾಲಬಹುದು. ಆ ಕ್ಷಣದಲ್ಲಿ ಅವನನ್ನು ನೋಡುವವರು ಯಾರೂ ಇರುವುದಿಲ್ಲ. ಆದರೆ ಅವನು ಬರೆದ ಆ ಒಂದು ಅಂಕಿಯ ಮೇಲೆ ಪ್ರಾಧ್ಯಾಪಕರ ಪ್ರಬಂಧ ನಿಲ್ಲುತ್ತದೆ. ಪ್ರಬಂಧದ ಮೇಲೆ ಪಠ್ಯಪುಸ್ತಕದ ವಾಕ್ಯ ನಿಲ್ಲುತ್ತದೆ. ಆ ವಾಕ್ಯವನ್ನು ನಂಬಿ ಶಿಕ್ಷಕರು ಮಕ್ಕಳನ್ನೂ ವೈದ್ಯರು ರೋಗಿಗಳನ್ನೂ ನಡೆಸಿಕೊಳ್ಳುತ್ತಾರೆ. ತಳಪಾಯದ ಕಲ್ಲು ಜರುಗಿದರೆ ಗೋಪುರ ನಿಲ್ಲದು.

ಈ ಎಚ್ಚರಿಕೆ ಬರಿಯ ಮಾತಲ್ಲ. ಅನೇಕ ವಿದ್ವಾಂಸರು ಸೇರಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೊಮ್ಮೆ ನಡೆಸಿ ನೋಡಿ, ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಮೂಲ ಅಧ್ಯಯನಗಳಲ್ಲಿ ನೂರಕ್ಕೆ 97ರಷ್ಟು, ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಾದ ಫಲಿತಾಂಶವನ್ನು ತೋರಿಸಿದ್ದವು. ಮರುಪ್ರಯೋಗಗಳಲ್ಲಿ ಹಾಗೆ ತೋರಿಸಿದವು ನೂರಕ್ಕೆ 36 ಮಾತ್ರ. ಇದಕ್ಕೆ ಕಾರಣಗಳು ಹಲವು. ಎಲ್ಲವನ್ನೂ ಕಿರಿಯರ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಪ್ರತಿಯೊಂದು ಹಂತದಲ್ಲಿಯೂ ನಿಷ್ಠುರವಾದ ಪ್ರಾಮಾಣಿಕತೆ ಬೇಕು ಎಂಬ ಪಾಠವನ್ನು ಹಿರಿಯರೂ ಕಿರಿಯರೂ ಅದರಿಂದ ಕಲಿಯಬೇಕಾಗಿದೆ.

ಪ್ರಯೋಗಕ್ಕೆ ಬಂದವರ ಹಿತವನ್ನು ಕಾಯುವ ಹೊಣೆಯೂ ಸಹಾಯಕನದೇ. ಅಮೆರಿಕದಲ್ಲಿ 1974ರಲ್ಲಿ ಈ ಬಗ್ಗೆ ಕಾನೂನು ಜಾರಿಗೆ ಬಂದಿತು. 1979ರಲ್ಲಿ ಬೆಲ್ಮಾಂಟ್ ವರದಿ ಎಂಬ ದಾಖಲೆ ವ್ಯಕ್ತಿಗೌರವ, ಹಿತಸಾಧನೆ, ನ್ಯಾಯ ಎಂಬ ಮೂರು ತತ್ತ್ವಗಳನ್ನು ನಿರೂಪಿಸಿತು. ಪ್ರಯೋಗಕ್ಕೆ ಒಳಗಾಗುವವರು ಸ್ವಇಚ್ಛೆಯಿಂದ ಒಪ್ಪಿರಬೇಕು; ಬೇಡವೆನಿಸಿದಾಗ ಎದ್ದು ಹೋಗಲು ಅವರಿಗೆ ಹಕ್ಕಿರಬೇಕು; ಅವರು ಹೇಳಿದ್ದು ಹೊರಗೆ ಹೋಗಬಾರದು. ತನ್ನ ಸಹಪಾಠಿಯೇ ಬಂದು ಮನಸ್ಸಿನ ಭಯವನ್ನು ಹೇಳಿಕೊಂಡಿದ್ದರೂ ಅದು ಗೆಳೆಯರ ಹರಟೆಗೆ ವಿಷಯವಾಗಕೂಡದು.

ಇಂತಹ ದುಡಿಮೆಯಿಂದ ವಿದ್ಯಾರ್ಥಿ ಎಷ್ಟು ಮೇಲೇರಬಲ್ಲನು ಎಂಬುದಕ್ಕೆ ಮೆರಿಲ್ ಕಾರ್ಲ್‌ಸ್ಮಿತ್ ಅವರೇ ನಿದರ್ಶನ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪದವಿ ವಿದ್ಯಾರ್ಥಿಯಾಗಿದ್ದಾಗಲೇ ಅವರು ಲಿಯಾನ್ ಫೆಸ್ಟಿಂಗರ್ ಅವರೊಡನೆ ಕೆಲಸ ಮಾಡಿದರು. ಬೇಸರ ತರಿಸುವ ಕೆಲಸವೊಂದನ್ನು ಮಾಡಿ, ಅದು ಸ್ವಾರಸ್ಯವಾಗಿತ್ತೆಂದು ಮತ್ತೊಬ್ಬರಿಗೆ ಸುಳ್ಳು ಹೇಳಲು ಕೆಲವರಿಗೆ 1 ಡಾಲರನ್ನೂ ಕೆಲವರಿಗೆ 20 ಡಾಲರನ್ನೂ ಕೊಡಲಾಯಿತು. ಕಡಿಮೆ ಹಣ ಪಡೆದವರೇ ಆ ಕೆಲಸ ನಿಜವಾಗಿಯೂ ಹಿತವಾಗಿತ್ತೆಂದು ಹೆಚ್ಚಾಗಿ ನಂಬತೊಡಗಿದ್ದರು! ಆ ಸುಳ್ಳನ್ನು ಕೇಳಿಸಿಕೊಳ್ಳುವ ಪಾತ್ರವನ್ನು ವಹಿಸಿದ್ದವಳೂ ಒಬ್ಬ ಪದವಿ ವಿದ್ಯಾರ್ಥಿನಿಯೇ. 1959ರಲ್ಲಿ ಈ ಪ್ರಬಂಧ ಗುರುಶಿಷ್ಯರಿಬ್ಬರ ಹೆಸರಿನಲ್ಲಿ ಪ್ರಕಟವಾಗಿ ಜಗತ್ಪ್ರಸಿದ್ಧವಾಯಿತು.

ಆದರೆ ಅವಕಾಶದ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿಲ್ಲವೆಂಬುದನ್ನೂ ಒಪ್ಪಬೇಕು. ಸಂಬಳವಿಲ್ಲದೆ ವಾರಕ್ಕೆ ಹತ್ತು ಗಂಟೆ ದುಡಿಯುವುದು ಅನುಕೂಲಸ್ಥರ ಮಕ್ಕಳಿಗೆ ಸುಲಭ. ಸಂಜೆ ಹೋಟೆಲಿನಲ್ಲಿಯೋ ಅಂಗಡಿಯಲ್ಲಿಯೋ ದುಡಿದು ಶುಲ್ಕ ಕಟ್ಟುವ ವಿದ್ಯಾರ್ಥಿಗೆ ಅದು ನಿಲುಕದ ಹಣ್ಣು. ಮುಂದೆ ಉನ್ನತ ವ್ಯಾಸಂಗಕ್ಕೆ ಆಯ್ಕೆ ಮಾಡುವಾಗ ಈ ಅನುಭವವನ್ನೇ ಕೇಳುವುದರಿಂದ ಬಡ ವಿದ್ಯಾರ್ಥಿಗೆ ಎರಡು ಸಲ ನಷ್ಟವಾಗುತ್ತದೆ. ಇದನ್ನು ನೀಗಿಸುವ ಯತ್ನಗಳೂ ನಡೆದಿವೆ. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆ 1969ರಲ್ಲಿ ಕಿರಿಯ ವಿದ್ಯಾರ್ಥಿಗಳನ್ನು ಸಂಶೋಧನೆಯಲ್ಲಿ ತೊಡಗಿಸುವ ಯೋಜನೆಯೊಂದನ್ನು ಆರಂಭಿಸಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1987ರಿಂದ, ವಿದ್ಯಾರ್ಥಿವೇತನ ಕೊಟ್ಟು ಬೇಸಗೆಯ ರಜೆಯಲ್ಲಿ ಸಂಶೋಧನೆ ಕಲಿಸುವ ವ್ಯವಸ್ಥೆಯನ್ನು ಮಾಡಿತು. ಅರ್ಹತೆ ಇದ್ದೂ ಹಣವಿಲ್ಲದವರು ಹೊರಗುಳಿದರೆ ನಷ್ಟ ಅವರಿಗೆ ಮಾತ್ರವಲ್ಲ, ವಿಜ್ಞಾನಕ್ಕೂ ಆಗುತ್ತದೆ.

ಸಹಾಯಕರಾಗಿ ದುಡಿದವರೆಲ್ಲರೂ ಮುಂದೆ ಮನೋವಿಜ್ಞಾನಿಗಳಾಗುವುದಿಲ್ಲ. ಕೆಲವರು ಶಿಕ್ಷಕರಾಗುತ್ತಾರೆ, ಕೆಲವರು ವಕೀಲರಾಗುತ್ತಾರೆ, ಕೆಲವರು ವ್ಯಾಪಾರಕ್ಕೆ ಹೋಗುತ್ತಾರೆ. ಆದರೆ ತನಗೆ ಪ್ರಿಯವಾದುದೇ ಸತ್ಯವಾಗಬೇಕಿಲ್ಲ, ಕಂಡದ್ದನ್ನು ಕಂಡಂತೆ ಬರೆಯುವುದು ಸುಲಭವಲ್ಲ ಎಂಬ ಅರಿವು ಅವರೆಲ್ಲರ ಜೊತೆಗೂ ಹೋಗುತ್ತದೆ. ಶಾಲೆಯ ಪ್ರಯೋಗಶಾಲೆಯಲ್ಲಿ, ಬರಬೇಕಾದ ಉತ್ತರಕ್ಕೆ ಸರಿಹೊಂದುವಂತೆ ಅಂಕಿಯನ್ನು ತಿದ್ದದೆ, ಬಂದ ಅಂಕಿಯನ್ನೇ ಬರೆಯುವ ವಿದ್ಯಾರ್ಥಿ ಆ ಹಾದಿಯಲ್ಲಿ ಮೊದಲ ಹೆಜ್ಜೆಯನ್ನು ಆಗಲೇ ಇಟ್ಟಿರುತ್ತಾನೆ.