ಮನೆಯೊಳಗಣ ರುದ್ರನಾಟಕ

ಅರಸನು ಪಟ್ಟದಿಂದ ಬಿದ್ದರೆ ರುದ್ರನಾಟಕ, ಗುಮಾಸ್ತೆಯ ಸಂಸಾರವು ಮುರಿದುಬಿದ್ದರೆ ನೆರೆಮನೆಯ ಮಾತು ಎಂಬುದು ಬಹುಕಾಲದ ರೂಢಿಯಾಗಿತ್ತು. ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ಗ್ರೀಕರ ಮಾರ್ಗವನ್ನು ಕನ್ನಡಕ್ಕೆ ತಂದಾಗಲೂ ನಾಯಕನಾದವನು ಭಾರತದ ಮಹಾರಥಿ ಅಶ್ವತ್ಥಾಮನೇ. ಈ ರೂಢಿಯೇ ಸರಿಯೆಂದು ನಾವು ಒಪ್ಪಲಾರೆವು.

ಇಂಗ್ಲೆಂಡಿನಲ್ಲಿ ಅದು ಷೇಕ್ಸ್‌ಪಿಯರನ ಕಾಲದಲ್ಲಿಯೇ ಸಡಿಲಿತು. ಫೇವರ್‌ಶಮ್ ಪಟ್ಟಣದ ಆರ್ಡೆನ್ ಎಂಬ ಗೃಹಸ್ಥನು 1551ರಲ್ಲಿ ಹೆಂಡತಿಯ ಮತ್ತು ಅವಳ ಪ್ರಿಯನ ಸಂಚಿನಿಂದ ಸ್ವಗೃಹದಲ್ಲಿಯೇ ಹತನಾದನು; 1592ರಲ್ಲಿ ಆ ವೃತ್ತಾಂತವು ನಾಟಕವಾಗಿ ಅಚ್ಚಾಯಿತು. 1607ರಲ್ಲಿ ಅಚ್ಚಾದ ಥಾಮಸ್ ಹೇವುಡ್ಡನ ನಾಟಕದಲ್ಲಿ, ದಾರಿತಪ್ಪಿದ ಹೆಂಡತಿಯನ್ನು ಗಂಡನು ಕೊಲ್ಲದೆ ಬೇರೊಂದು ಮನೆಗೆ ಕಳುಹಿಸುತ್ತಾನೆ. ಅವಳು ಅನ್ನಬಿಟ್ಟು ಪ್ರಾಣ ನೀಗುತ್ತಾಳೆ. ಅಲ್ಲಿ ಕಿರೀಟವಿಲ್ಲ, ಸೈನ್ಯವಿಲ್ಲ. ಬೀಗದ ಕೈಯೂ ಮುಚ್ಚಿದ ಬಾಗಿಲೂ ಸಾಕಾದವು. ಆದರೆ ಆ ಕವಿಗಳು ಕೇಡಿನ ಬೇರನ್ನು ವ್ಯಕ್ತಿಯ ಪಾಪದಲ್ಲಿ, ಅದರಲ್ಲಿಯೂ ಹೆಂಗಸಿನ ಪಾಪದಲ್ಲಿ, ಹುಡುಕಿದರು.

ನಮ್ಮ ಮಂಗಳೂರು ಬೇರೆ ದಾರಿಯನ್ನು ತೋರಿಸಿತು. 1899ರಲ್ಲಿ ಬಾಸೆಲ್ ಮಿಶನ್ ಛಾಪಖಾನೆಯಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಹೊರಬಂದಿತು. ಪೋಲೀಸು ಇಲಾಖೆಯಲ್ಲಿ ಅಧಿಕಾರಿಗಳಾಗಿದ್ದ ರಾಯರು ಅಪರಾಧಿಯನ್ನು ಪತ್ತೆಹಚ್ಚಬಲ್ಲವರು. ಬಾಲವಿಧವೆಯ ದುಃಖಕ್ಕೆ ಅವಳನ್ನು ಕಟ್ಟಿಹಾಕಿದ ಆಚಾರವೇ ಕಾರಣವೆಂದು ಅವರು ಕಂಡುಕೊಂಡರು. ಆಚಾರವನ್ನು ಮನುಷ್ಯರು ತಿದ್ದಬಹುದು. ಆದುದರಿಂದಲೇ ಇಂದಿರೆಯು ಹೆತ್ತವರ ಮನೆಯನ್ನು ಬಿಟ್ಟು, ವಿದ್ಯೆ ಕಲಿತು, ಮರುಮದುವೆಯಾಗಲು ಸಾಧ್ಯವಾಯಿತು. ಕಥೆಯು ಮಂಗಳದಲ್ಲಿ ಮುಗಿಯಿತು.

ಹಾಗಾದರೆ ನಮ್ಮಲ್ಲಿ ರುದ್ರನಾಟಕಕ್ಕೆ ಎಡೆಯಿರಲಿಲ್ಲವೆ? ವಾಚಕರು ಒಂದು ಲೆಕ್ಕವನ್ನು ಗಮನಿಸಬೇಕು. ಹಿಂದೂ ವಿಧವೆಯರ ಪುನರ್ವಿವಾಹಕ್ಕೆ ಸಮ್ಮತಿಯಿತ್ತ ಕಾಯಿದೆಯು 1856ರದು. ಕಾದಂಬರಿಯು ಅದಕ್ಕಿಂತ 43 ವರ್ಷ ಈಚಿನದು. ಅಷ್ಟು ಕಾಲ ಕಳೆದ ಮೇಲೂ ಇಂದಿರೆಯ ಮದುವೆಯನ್ನು ವಾದಿಸಿ ಗೆಲ್ಲಬೇಕಾಯಿತು. ಸರಕಾರವು ತೆರೆದ ಬಾಗಿಲನ್ನು ಸಂಸಾರವು ಒಳಗಿನಿಂದ ಅಗಳಿ ಹಾಕಿಕೊಂಡಿತ್ತು. ಹೊರಗೆ ಬಂದವಳ ಕಥೆ ಅಚ್ಚಾಯಿತು. ಬಾರದೆ ಉಳಿದವರ ಕಥೆ ಅಡಿಗೆಮನೆಯ ಹೊಗೆಯಲ್ಲಿ ಕರಗಿಹೋಯಿತು. ನಮ್ಮ ರುದ್ರನಾಟಕವು ಅಲ್ಲಿತ್ತು. 1933ರಲ್ಲಿ ಶಿವರಾಮ ಕಾರಂತರು ‘ಚೋಮನ ದುಡಿ’ಯನ್ನು ಬರೆದು, ಸ್ವಂತ ಬೇಸಾಯದ ಆಸೆ ಈಡೇರದೆ ಸಾಯುವ ಜೀತದಾಳನ್ನೇ ನಾಯಕನನ್ನಾಗಿಸಿದ ಮೇಲೆ, ಈ ಪೀಠವು ಕುಲೀನರದೆಂದು ಯಾರೂ ಹೇಳುವಂತಿಲ್ಲ.

ಇದು ಹಳೆಯ ಕಾಲದ ಮಾತೆಂದು ಯಾರೂ ನೆಮ್ಮದಿಗೊಳ್ಳದಿರಲಿ. ವರದಕ್ಷಿಣೆಯ ನಿಷೇಧವು 1961ರಿಂದ ಕಾಯಿದೆಯಲ್ಲಿದೆ. ಕಚೇರಿಯಲ್ಲಿ ಕಾಯಿದೆಯನ್ನು ಓದಿ ಹೇಳುವ ನಾವು ಸಂಜೆ ಮನೆಗೆ ಬಂದು ಅದನ್ನು ಅಂಗಿಯೊಡನೆ ಗೂಟಕ್ಕೆ ತೂಗಹಾಕುವಷ್ಟು ದಿನ, ಈ ನಾಟಕಕ್ಕೆ ರಂಗಸ್ಥಳವೂ ಪಾತ್ರಧಾರಿಗಳೂ ನಮ್ಮ ಮನೆಯಲ್ಲಿಯೇ ದೊರೆಯುವರು.