ವಿರಳ ವಾಯುವಿನಲ್ಲಿ ವಿದ್ಯುತ್ ವಿಸರ್ಜನೆ

ಮಿರಜದಲ್ಲಿ ‘ವಿಸರ್ಜನೆ’ ಎಂದೊಡನೆ ಕನ್ನಡಿಗರಿಗೂ ಮರಾಠಿಗರಿಗೂ ನೆನಪಾಗುವುದು ಗಣಪತಿಯ ಮೆರವಣಿಗೆ. ಭೌತವಿಜ್ಞಾನದಲ್ಲಿ ಈ ಪದದ ಅರ್ಥ ಬೇರೆ: ನಿರೋಧಕವಾಗಿದ್ದ ಗಾಳಿಯೇ ವಾಹಕವಾಗಿ, ಅದರ ಮೂಲಕ ವಿದ್ಯುತ್ತು ಹರಿಯುವುದು.

ಸಾಂಗಲಿ–ಮಿರಜಗಳು ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿವೆ. ಇಲ್ಲಿನ ವಾಯು ಒತ್ತಡ ಕಡಲತೀರಕ್ಕಿಂತ ಸುಮಾರು ಶೇ. 6ರಷ್ಟು ಕಡಿಮೆ. ಸಾಮಾನ್ಯ ವಿದ್ಯುತ್ ಉಪಕರಣಗಳನ್ನು 1000 ಮೀಟರ್ ಎತ್ತರದವರೆಗಿನ ಬಳಕೆಗೆಂದೇ ರೂಪಿಸುವುದರಿಂದ ಈ ವ್ಯತ್ಯಾಸ ಯಾರ ಗಮನಕ್ಕೂ ಬಾರದು. ಮಹಾಬಲೇಶ್ವರದಂತಹ ಎತ್ತರದ ಊರಿನಲ್ಲಿ ಮಾತ್ರ ವಾಹಕಗಳ ನಡುವಣ ಅಂತರದ ಲೆಕ್ಕವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಗಾಳಿ ವಿರಳವಾದಷ್ಟೂ ಅದರ ನಿರೋಧಶಕ್ತಿ ಕುಗ್ಗುತ್ತದೆ ಎಂಬ ಈ ನಿಯಮ ಕೊನೆಯವರೆಗೂ ನಡೆಯುವುದಿಲ್ಲ.

ವಿಸರ್ಜನೆಗೆ ಬೇಕಾದ ವೋಲ್ಟೇಜು, ಒತ್ತಡ ಮತ್ತು ಅಂತರಗಳ ಗುಣಲಬ್ಧವನ್ನು ಅವಲಂಬಿಸಿದೆ ಎಂದು ಜರ್ಮನಿಯ ಫ್ರೀಡ್ರಿಖ್ ಪಾಶೆನ್ 1889ರಲ್ಲಿ ತೋರಿಸಿದನು. ದಟ್ಟ ಗಾಳಿಯಲ್ಲಿ ಎಲೆಕ್ಟ್ರಾನು ಹೆಜ್ಜೆಹೆಜ್ಜೆಗೂ ಅಣುಗಳಿಗೆ ಬಡಿದು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಗಾಳಿ ವಿರಳವಾದರೆ ಅದು ದೂರ ಓಡಿ, ವೇಗ ಪಡೆದು, ಅಣುಗಳಿಂದ ಹೊಸ ಎಲೆಕ್ಟ್ರಾನುಗಳನ್ನು ಕೆಡವುತ್ತದೆ. ಇನ್ನೂ ವಿರಳವಾದರೆ ಬಡಿಯಲು ಅಣುಗಳೇ ಸಿಗವು. ಆಗ ನಿರೋಧಶಕ್ತಿ ಮತ್ತೆ ಏರುತ್ತದೆ. ಕಡಲತೀರದಲ್ಲಿ 1 ಸೆಂ.ಮೀ. ಅಂತರವನ್ನು ಭೇದಿಸಲು ಸುಮಾರು 30,000 ವೋಲ್ಟ್ ಬೇಕು. ಸುಮಾರು 50 ಕಿ.ಮೀ. ಎತ್ತರದ ಒತ್ತಡದಲ್ಲಿ ಅದೇ ಅಂತರಕ್ಕೆ ಸುಮಾರು 330 ವೋಲ್ಟ್ ಸಾಕು. ಅಂತರ 1 ಮಿ.ಮೀ. ಆದರೆ ಈ ಕನಿಷ್ಠ ಬಿಂದು ಸುಮಾರು 33 ಕಿ.ಮೀ.ಗೇ ಇಳಿಯುತ್ತದೆ.

ವಿಮಾನಗಳ ಹಳೆಯ 28 ಮತ್ತು 115 ವೋಲ್ಟ್ ವ್ಯವಸ್ಥೆಗಳು ಈ ಕನಿಷ್ಠಕ್ಕಿಂತ ಕೆಳಗಿದ್ದುವು. ಬೋಯಿಂಗ್ 787ರಲ್ಲಿ ಧನ ಮತ್ತು ಋಣ 270 ವೋಲ್ಟಿನ ವಾಹಕಗಳ ನಡುವೆ 540 ವೋಲ್ಟ್ ಇರುತ್ತದೆ. ಹನ್ನೊಂದು ಕಿ.ಮೀ. ಎತ್ತರದಲ್ಲಿ, ತಂತಿಯ ನಿರೋಧಕ ಹೊದಿಕೆಯೊಳಗೆ ಕೂದಲೆಳೆಗಿಂತ ಸಣ್ಣ ಗಾಳಿಯ ಪೊಳ್ಳು ಉಳಿದಿದ್ದರೂ ಅಲ್ಲಿ ವಿಸರ್ಜನೆ ಸಂಭವಿಸಬಹುದು. ಹುಟ್ಟುವ ಓಝೋನ್ ಮತ್ತು ಸಾರಜನಕದ ಆಕ್ಸೈಡುಗಳು ಹೊದಿಕೆಯನ್ನು ಮೆಲ್ಲಮೆಲ್ಲನೆ ತಿನ್ನುತ್ತವೆ. ಕೊನೆಗೆ ಮೇಲ್ಮೈಯಲ್ಲಿ ಇಂಗಾಲದ ಗೆರೆ ಮೂಡಿ ವಿದ್ಯುತ್ತಿಗೆ ಶಾಶ್ವತ ದಾರಿಯಾಗುತ್ತದೆ.

ನಿಜವಾದ ಪೇಚು ಬಲೂನುಗಳದು. ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಕೇಂದ್ರದಿಂದ ಹಾರುವ ವೈಜ್ಞಾನಿಕ ಬಲೂನುಗಳು 30–40 ಕಿ.ಮೀ. ಎತ್ತರದಲ್ಲಿ, ಎಂದರೆ ಈ ಅಪಾಯದ ಪಟ್ಟಿಯಲ್ಲಿಯೇ, ಗಂಟೆಗಟ್ಟಲೆ ನಿಲ್ಲುತ್ತವೆ. ಆದುದರಿಂದ ಅಧಿಕ ವೋಲ್ಟೇಜಿನ ಭಾಗಗಳನ್ನು ರಾಳದಲ್ಲಿ ಹುದುಗಿಸುವುದು ಅಥವಾ ಒತ್ತಡ ಕಾಯ್ದ ಪೆಟ್ಟಿಗೆಯಲ್ಲಿ ಇಡುವುದು ವಾಡಿಕೆ. ರಾಕೆಟ್ಟು ಈ ಪಟ್ಟಿಯನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಆದರೆ ಉಪಗ್ರಹದ ಒಳಗೆ ಸಿಕ್ಕಿಕೊಂಡ ಗಾಳಿ ಅಷ್ಟು ಬೇಗ ಹೊರಬೀಳದು. ಸಾವಿರಾರು ವೋಲ್ಟಿನ ಸಾಧನಗಳನ್ನು ಕಕ್ಷೆ ಸೇರಿದ ಮೇಲೂ ಕೆಲವು ದಿನ ಕಾದು ಚಾಲನೆ ಮಾಡುವುದಕ್ಕೆ ಇದೇ ಕಾರಣ. ನೆಲದ ಮೇಲೆಯೂ ನಿರ್ವಾತದಲ್ಲಿಯೂ ತೇರ್ಗಡೆಯಾದ ಉಪಕರಣವು ಇವೆರಡರ ನಡುವಣ ಒತ್ತಡದಲ್ಲಿ ಸೋಲಬಹುದು. ನಿರ್ವಾತ ಕೊಠಡಿಯ ಗಾಳಿಯನ್ನು ಹೊರತೆಗೆಯುತ್ತಿರುವಾಗಲೇ ಅದನ್ನು ಚಾಲನೆಯಲ್ಲಿಟ್ಟು ನೋಡಿದ ಹೊರತು ಆ ದೋಷ ಕಣ್ಣಿಗೆ ಬೀಳುವುದಿಲ್ಲ.