ಇಟ್ಟಿಗೆಯ ಮೇಲೆ ಕಾದು ನಿಂತವನು

“ದೇವರಿಗೆ ಹೊತ್ತೆಲ್ಲಿದೆ?” ಎಂಬ ಮಾತು ನಮ್ಮ ನೌಪಾಡೆಯ ಕನ್ನಡ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಹೇಳುವವರು ನಾಸ್ತಿಕರೇನೂ ಅಲ್ಲ. ಬೆಳಗಿನ ಐದಕ್ಕೆ ಎದ್ದು, ನೀರು ತುಂಬಿ, ಡಬ್ಬಿ ಕಟ್ಟಿ, ಮಕ್ಕಳನ್ನು ಶಾಲೆಗೆ ಹೊರಡಿಸಿ, ಗೋಖಲೆ ರಸ್ತೆಯ ಗದ್ದಲವನ್ನು ದಾಟಿ ಠಾಣೆಯ ಸ್ಟೇಶನ್ನು ಮುಟ್ಟಿ, ಲೋಕಲ್ ಗಾಡಿಯಲ್ಲಿ ಕಾಲೂರಲು ಜಾಗ ಸಿಕ್ಕಿದರೆ ಅದೇ ಆ ದಿನದ ಪ್ರಸಾದವೆಂದು ತಿಳಿಯುವ ಜನ ನಾವು. ಊರಿನಲ್ಲಿ ಹಿರಿಯರು ಒಂದು ತಾಸು ಪೂಜೆಗೆ ಕೂರುತ್ತಿದ್ದರು. ಇಲ್ಲಿ ಊದುಬತ್ತಿ ಹಚ್ಚಿ ಕೈಮುಗಿಯುವುದರೊಳಗೆ ಕುಕ್ಕರು ಕೂಗುತ್ತದೆ. ನಿವೃತ್ತಿಯಾದ ಮೇಲೆ ನೋಡೋಣವೆಂದು ಗಂಡಸರು ಸಮಾಧಾನ ಮಾಡಿಕೊಳ್ಳುತ್ತಾರೆ. ಹೆಂಗಸರಿಗೆ ಆ ಸಮಾಧಾನವೂ ಇಲ್ಲ, ಅಡಿಗೆಮನೆಗೆ ನಿವೃತ್ತಿಯೆಂಬುದು ಇಲ್ಲವಷ್ಟೆ.

ಈ ಕೊರಗಿನವರ ಪಾಲಿಗೆಂದೇ ಒಬ್ಬ ದೇವರು ನಾವು ಬಂದು ನೆಲೆಸಿದ ಈ ನಾಡಿನಲ್ಲಿ ನಿಂತಿದ್ದಾನೆ. ಅವನು ಪಂಢರಪುರದ ವಿಠ್ಠಲ. ಅವನು ನಮಗೆ ಪರಕೀಯನೂ ಅಲ್ಲ. ಜ್ಞಾನೇಶ್ವರರ ಹೆಸರಿನ ಅಭಂಗವೊಂದು ಅವನನ್ನು ಕನ್ನಡದವನೆಂದೇ ಕರೆಯುತ್ತದೆ. ಆ ಶಬ್ದಕ್ಕೆ ‘ತಿಳಿಯಲಾಗದವನು’ ಎಂಬ ಅರ್ಥವನ್ನೂ ಪಂಡಿತರು ಹೇಳುವುದುಂಟು. ಆ ಚರ್ಚೆ ಅವರಿಗಿರಲಿ. ಪುರಂದರದಾಸರು, ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಇವರೆಲ್ಲರ ಅಂಕಿತದಲ್ಲಿ ಇರುವವನು ಇದೇ ವಿಠ್ಠಲನೇ. ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿದ ಭೀಮೆಯೂ ಅಲ್ಲಿಯೇ ನಿಲ್ಲದೆ ವಿಜಯಪುರ, ಕಲಬುರಗಿ ಸೀಮೆಗಳನ್ನು ತೊಯಿಸಿಕೊಂಡು ಹೋಗಿ ಕೃಷ್ಣೆಯನ್ನು ಸೇರುತ್ತಾಳೆ.

ಅವನು ಅಲ್ಲಿ ನಿಂತ ಕಥೆ ಎಲ್ಲರೂ ಬಲ್ಲದ್ದೇ. ಆದರೂ ಅದನ್ನು ಮತ್ತೊಮ್ಮೆ ನಿಧಾನವಾಗಿ ನೋಡಬೇಕು. ಪುಂಡಲೀಕನು ಮೊದಲು ತಂದೆತಾಯಿಗಳನ್ನು ಗೋಳಾಡಿಸಿದವನು. ಕಾಶಿಗೆ ಹೊರಟವನು ದಾರಿಯಲ್ಲಿ ಕುಕ್ಕುಟ ಋಷಿಗಳ ಆಶ್ರಮದಲ್ಲಿ ತಂಗಿದನು. ಆ ಋಷಿಗಳು ಕಾಶಿಯನ್ನು ಕಂಡವರೇ ಅಲ್ಲ, ತಂದೆತಾಯಿಗಳ ಸೇವೆಯಲ್ಲಿ ಇದ್ದವರು. ಆದರೆ ಗಂಗೆ ಮೊದಲಾದ ನದಿಗಳೇ ಹೆಂಗಸರ ರೂಪದಿಂದ ಬಂದು ಅವರ ಅಂಗಳ ಗುಡಿಸಿ, ಜನರ ಪಾಪ ತೊಳೆದು ಮಲಿನವಾದ ತಮ್ಮ ಮೈಯನ್ನು ಶುದ್ಧಮಾಡಿಕೊಂಡು ಹೋಗುತ್ತಿದ್ದವಂತೆ. ಪುಂಡಲೀಕನು ಅದನ್ನು ಕಂಡು ಮನೆಗೆ ಮರಳಿದನು. ಮುಂದೆ ಭಗವಂತನು ಬಾಗಿಲಿಗೆ ಬಂದಾಗ ಅವನು ಹೆತ್ತವರ ಕಾಲೊತ್ತುತ್ತಿದ್ದನು, ಏಳಲಿಲ್ಲ. ಒಂದು ಇಟ್ಟಿಗೆಯನ್ನು ಹೊರಗೆ ಎಸೆದು, ಈ ಕೆಲಸ ಮುಗಿಯುವವರೆಗೆ ಅದರ ಮೇಲೆ ನಿಂತಿರು ಎಂದನು.

ದೇವರು ಸಿಟ್ಟಾಗಲಿಲ್ಲ, ತಿರುಗಿ ಹೋಗಲೂ ಇಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತನು, ಇನ್ನೂ ನಿಂತಿದ್ದಾನೆ. ನಮ್ಮ ದೇಶದಲ್ಲಿ ಶಾಪ ಕೊಡುವ ದೇವತೆಗಳ ಕಥೆಗಳು ಬೇಕಾದಷ್ಟಿವೆ. ಮುದುಕರ ಕಾಲೊತ್ತುವುದು ಮುಗಿಯಲೆಂದು ಹೊಸಿಲಾಚೆ ಕಾದ ದೇವರ ಕಥೆ ಇದೊಂದೇ ಎಂದು ನಮಗೆ ತೋರುತ್ತದೆ. ಪ್ರೇಮವೆಂದರೆ ಇದಲ್ಲವೇ?

ಪಂಢರಪುರದ ಉಳಿದ ಕಥೆಗಳೂ ಇದೇ ಜಾಡಿನವು. ನಾಮದೇವರ ಮನೆಯ ಆಳಾದ ಜನಾಬಾಯಿಯೊಡನೆ ಅವನು ಬೀಸುವ ಕಲ್ಲಿನ ಗೂಟ ಹಿಡಿದನು. ಸಾವತಾ ಮಾಳಿಯು ತೋಟ ಬಿಟ್ಟು ಯಾತ್ರೆಗೆ ಹೋಗದಿದ್ದಾಗ ತಾನೇ ತೋಟಕ್ಕೆ ಬಂದನು. ಪುರಂದರದಾಸರ ವಿಷಯದಲ್ಲಿ ಹೇಳುವ ಕಥೆ ಇನ್ನೂ ಮನಸ್ಸಿಗೆ ನಾಟುವಂಥದು. ಪಂಢರಪುರದಲ್ಲಿ ಒಂದು ರಾತ್ರಿ ದಾಸರು ಶಿಷ್ಯ ಅಪ್ಪಣ್ಣನನ್ನು ಕೂಗಿ ನೀರು ಕೇಳಿದರು. ತರುವುದು ತಡವಾಯಿತೆಂದು ಸಿಟ್ಟಿನಿಂದ ಅದೇ ಚೊಂಬಿನಲ್ಲಿ ಹೊಡೆದರು. ಬೆಳಗ್ಗೆ ಕೇಳಿದರೆ ಅಪ್ಪಣ್ಣನು ತಾನು ನಿದ್ದೆ ಹೋಗಿದ್ದೆನೆಂದನು. ನೀರು ತಂದು ಪೆಟ್ಟು ತಿಂದವನು ವಿಠ್ಠಲ! ದೊಡ್ಡ ದಾಸರನ್ನೇ ಈ ಕಥೆಯಲ್ಲಿ ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸಿದ ನಮ್ಮ ಹಿರಿಯರ ಧೈರ್ಯವನ್ನು ಮೆಚ್ಚಬೇಕು. ಸಂಜೆ ಏಳೂವರೆಗೆ ಗಾಡಿಯಿಳಿದು ಬೆವರಿನಲ್ಲಿ ಮನೆಗೆ ಬಂದು “ನೀರು ಕೊಡು” ಎನ್ನುವ ಗಂಡಸರು ಆ ಚೊಂಬನ್ನು ನೆನೆಯುವುದು ಒಳ್ಳೆಯದು. ಅದನ್ನು ತಂದುಕೊಡುವವಳೂ ಹಲವು ಮನೆಗಳಲ್ಲಿ ಅರ್ಧ ತಾಸಿನ ಹಿಂದೆ ಅದೇ ಗಾಡಿಯಿಂದ ಇಳಿದವಳೇ.

ಕಷ್ಟದ ವಿಷಯ ಬೇರೆಯೇ ಇದೆ. ಊರಿನ ಮನೆಗೆ ಬೀಗ ಹಾಕಿ ಹೆತ್ತವರನ್ನು ನಾವು ಇಲ್ಲಿಗೆ ಕರೆತಂದಿದ್ದೇವೆ. ಅವರಿಗೆ ಔಷಧವಿದೆ, ಊಟವಿದೆ, ಟೀವಿಯಿದೆ. ಬಾಯಿ ಬಿಟ್ಟು ಮಾತನಾಡಲು ಮಾತ್ರ ಯಾರೂ ಇಲ್ಲ. ಮರಾಠಿ ಬಾರದು, ಮೊಮ್ಮಕ್ಕಳ ಕನ್ನಡ ನಾಲ್ಕು ವಾಕ್ಯಕ್ಕೆ ಮುಗಿಯುತ್ತದೆ, ಮಗ ಸೊಸೆ ಬರುವ ಹೊತ್ತಿಗೆ ಅವರಿಗೆ ನಿದ್ದೆ. ಕೇಳಿದ್ದನ್ನೇ ಮತ್ತೆ ಕೇಳುತ್ತಾರೆಂದು ಬೇಸರ ಬೇರೆ. ಅಪ್ಪ ಮೂರನೆಯ ಸಲ ಹೇಳುವ ಬಾವಿ ತೋಡಿಸಿದ ಕಥೆಯನ್ನು, ಮೊಬೈಲು ಕೆಳಗಿಟ್ಟು, ಹತ್ತು ನಿಮಿಷ ಕೇಳುವುದು ಒಂದು ತಾಸಿನ ಜಪಕ್ಕಿಂತ ಸುಲಭವಲ್ಲ. ಪುಂಡಲೀಕನು ಎಷ್ಟು ಹೊತ್ತು ಕಾಲೊತ್ತಿದನೆಂದು ಕಥೆ ಹೇಳುವುದಿಲ್ಲ. ಅಲ್ಲಿ ಕುಳಿತಾಗ ಬಾಗಿಲಾಚೆ ದೇವರೇ ಕರೆದರೂ ಅವನ ಗಮನ ಕದಲಲಿಲ್ಲ ಎಂಬುದನ್ನಷ್ಟೇ ಹೇಳುತ್ತದೆ.

ಹಾಗಾದರೆ ಪೂಜೆ ಬೇಡವೇ ಎಂದು ಹಿರಿಯರು ಕೇಳಬಹುದು. ಬೇಡವೆಂದು ನಾವು ಹೇಳುವುದಿಲ್ಲ. ಬೆಳಗಿನ ಎರಡು ನಿಮಿಷದ ಕೈಮುಗಿತ ಮನೆಗೆ ಬೇಕು, ಮಕ್ಕಳು ನೋಡಬೇಕು. ಆದರೆ ಗರ್ಭಗುಡಿಯವರೆಗೆ ಹೋಗಿ ಅಲ್ಲಿಯೇ ನಿಂತುಹೋಗುವ ಭಕ್ತಿಯ ಚರಿತ್ರೆಯೂ ಪಂಢರಪುರದಲ್ಲಿಯೇ ಇದೆ. ಮಹಾರ ಕುಲದ ಸಂತ ಚೋಖಾಮೇಳನನ್ನು ಒಳಗೆ ಬಿಡಲಿಲ್ಲ. ಅವನ ಸಮಾಧಿ ಮಹಾದ್ವಾರದ ಹೊರಗಿದೆ. ಆ ಬಾಗಿಲು ಎಲ್ಲರಿಗೂ ತೆರೆಯಬೇಕೆಂದು ಸಾನೆ ಗುರೂಜಿಯವರು 1947ರ ಮೇ ತಿಂಗಳಿನಲ್ಲಿ ಉಪವಾಸ ಕೂರಬೇಕಾಯಿತು. ಇಟ್ಟಿಗೆಯ ಮೇಲೆ ನಿಂತವನಿಗೆ ಯಾರ ಗಡಿಬಿಡಿಯೂ ಇರಲಿಲ್ಲ, ಅವನ ಪೂಜಾರಿಗಳಿಗೆ ಮಡಿಯ ಗಡಿಬಿಡಿಯಿತ್ತು.

ಸರಕಾರಿ ಕಚೇರಿಯಲ್ಲಿ ಮೇಜಿನ ಹಿಂದೆ ಕೂರುವ ನಮ್ಮಂಥ ಗುಮಾಸ್ತರಿಗೂ ಈ ಕಥೆಯಲ್ಲಿ ಒಂದು ಪಾಲುಂಟು. ನಮ್ಮ ಮುಂದೆಯೂ ಜನ ಕಾಯುತ್ತಾರೆ. ಅರ್ಜಿಯ ಯಾವ ಮನೆಯಲ್ಲಿ ಏನು ಬರೆಯಬೇಕೆಂದು ತಿಳಿಯದ ಮುದುಕಿ, ಮೂರನೆಯ ಬಾರಿ ಬಂದ ಪಿಂಚಣಿದಾರ. ಪುಂಡಲೀಕನು ದೇವರನ್ನು ಕಾಯಿಸಿದನು ನಿಜ. ಆದರೆ ಕಾಲ ಕೆಳಗೆ ಇಟ್ಟಿಗೆ ಕೊಟ್ಟು ಕಾಯಿಸಿದನು. “ಕೂತುಕೊಳ್ಳಿ ಅಮ್ಮಾ” ಎಂದು ಒಂದು ಕುರ್ಚಿ ತೋರಿಸುವುದಕ್ಕೆ ಯಾವ ಸಾಹೇಬರ ಸಹಿಯೂ ಬೇಕಾಗುವುದಿಲ್ಲ.

ಆಷಾಢ ಏಕಾದಶಿ ಬಂದರೆ ಶಾಲೆಯ ಮಕ್ಕಳು ಬಿಳಿ ಟೊಪ್ಪಿಗೆ ಹಾಕಿ, ತಾಳ ಹಿಡಿದು ದಿಂಡಿ ಹೊರಡುತ್ತಾರೆ. ಅವರಲ್ಲಿ ನಮ್ಮ ಕನ್ನಡ ಮಕ್ಕಳೂ ಇರುತ್ತಾರೆ. ಕಳೆದ ಸಲ ನೆರೆಮನೆಯ ಹುಡುಗ ಶಾಲೆಯಲ್ಲಿ ಕೊಟ್ಟ ವಿಠ್ಠಲನ ಪಟವನ್ನು ತಂದು, ವಿಜಯಪುರದ ಕಡೆಯ ತನ್ನ ಅಜ್ಜಿಗೆ ತೋರಿಸಿ, ಈ ದೇವರು ಸೊಂಟದ ಮೇಲೆ ಯಾಕೆ ಕೈಯಿಟ್ಟಿದ್ದಾನೆಂದು ಕೇಳಿದನು. ಅಜ್ಜಿ ಅಕ್ಕಿ ಆರಿಸುವುದನ್ನು ಬಿಡದೆಯೇ ಹೇಳಿದರು: “ಎಷ್ಟ್ ಹೊತ್ತಿನಿಂದ ನಿಂತಾನ್ ನೋಡು, ಸೊಂಟ ನೋಯೂದಿಲ್ಲೇನೋ ಅವಗ?”